ಪ್ಲೂರ್ಡ್ ಮೇಡಮ್ ಕಿಟಕಿ ಮುಂದೆ ಎಂಟು ಹೆಜ್ಜೆ

ಸೇಂಟ್ ಕ್ಲೋವಿಸ್ ಹೈಸ್ಕೂಲಿನ ಓಟದ ತಂಡ ಆ ಚಳಿಗಾಲದಲ್ಲಿ ಒಂದೇ ಒಂದು ಕೂಟವನ್ನೂ ಗೆಲ್ಲಲಿಲ್ಲ. ಊರಿನ ಲೆಕ್ಕದಲ್ಲಿ ಮಾತ್ರ ಗೆದ್ದದ್ದೇ ಹೆಚ್ಚು. ಇದೆಂಥ ತಲೆಹರಟೆ ಎಂದು ಕೇಳುವವರು ಮೊದಲು ಪ್ಲೂರ್ಡ್ ಮೇಡಮ್ಮಿನ ಕಿಟಕಿಯ ವಿಷಯ ತಿಳಿದುಕೊಳ್ಳಬೇಕು, ಆಮೇಲೆ ಬೇಕಾದರೆ ನಗಲಿ.

ಮೇನ್ ರಾಜ್ಯದ ಬಡಗಣ ತುದಿ ನಮ್ಮದು. ಹೊಳೆ ದಾಟಿದರೆ ಕೆನಡಾ. ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲ್ ಮುಗಿದರೂ ಎದ್ದು ಹೋಗುವ ಮಾತಾಡುವುದಿಲ್ಲ. ದಕ್ಷಿಣದ ದೊಡ್ಡ ಊರುಗಳ ಮಕ್ಕಳಿಗೆ ಸೂರಿನಡಿಯಲ್ಲೇ ಓಡಲು ರಬ್ಬರಿನ ಅಂಕಣಗಳಿದ್ದವು. ನಮ್ಮ ಮಕ್ಕಳಿಗೆ ಇದ್ದದ್ದು ಶಾಲೆಯ ಕಾರಿಡಾರು. ಜಿಮ್ ಇತ್ತಲ್ಲ ಅನ್ನಬೇಡಿ, ಅದು ಬ್ಯಾಸ್ಕೆಟ್‌ಬಾಲಿನವರದು. ನಮ್ಮೂರಲ್ಲಿ ಬ್ಯಾಸ್ಕೆಟ್‌ಬಾಲಿಗೆ ದೇವರ ಪಕ್ಕದ ಜಾಗ, ಪಂದ್ಯ ಇದ್ದ ದಿನ ದೇವರೇ ಸ್ವಲ್ಪ ಸರಿದು ಕೂರಬೇಕು. ಹಾಗಾಗಿ ಜಿಮ್ಮಿನ ಸುತ್ತ ಚೌಕಾಕಾರವಾಗಿ ಹೋಗುವ ಕಾರಿಡಾರಿನಲ್ಲಿ ಓಟದ ತಂಡ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಒಂದು ಮೂಲೆಯಲ್ಲಿ ಕಸದ ಡಬ್ಬ, ಇನ್ನೊಂದರಲ್ಲಿ ಒದ್ದೆ ಬೂಟುಗಳ ರಾಶಿ, ಮೂರನೆಯದರಲ್ಲಿ ಸಂತ ಕ್ಲೋವಿಸರ ಪಟ. ಎರಡನೇ ತಿರುವು ದಾಟಿದ ಮೇಲೆ ಆಫೀಸಿನ ಕಿಟಕಿ.

ಆ ಕಿಟಕಿಯ ಹಿಂದೆ ಮೂವತ್ತೊಂದು ವರ್ಷದಿಂದ ಕೂತಿದ್ದವರು ಶಾಲೆಯ ಕಾರ್ಯದರ್ಶಿ ಬೆರ್ತಿಲ್ ಪ್ಲೂರ್ಡ್. ಪ್ರಿನ್ಸಿಪಾಲರು ಏಳು ಜನ ಬಂದರು, ಏಳು ಜನ ಹೋದರು. ಪ್ಲೂರ್ಡ್ ಮೇಡಮ್ ಕೂತಲ್ಲೇ ಇದ್ದರು. ಆಫೀಸಿನ ಮುಂದೆ ಓಡಬಾರದು ಎಂಬ ನಿಯಮವನ್ನು ಯಾರು ಮಾಡಿದರೋ ಯಾರಿಗೂ ನೆನಪಿರಲಿಲ್ಲ. ಕಾಯುತ್ತಿದ್ದವರು ಮಾತ್ರ ಅವರೇ. ಓಡಿದವರ ಹೆಸರನ್ನು ಗುಲಾಬಿ ಚೀಟಿಯಲ್ಲಿ ಬರೆದು ಮನೆಗೆ ಕಳಿಸುತ್ತಿದ್ದರು. ಓಟದ ತಂಡಕ್ಕೂ ವಿನಾಯಿತಿ ಇರಲಿಲ್ಲ. ಕಿಟಕಿಯ ಆ ತುದಿಯಿಂದ ಈ ತುದಿಗೆ ಎಂಟು ಹೆಜ್ಜೆ. ಮಕ್ಕಳು ಓಡೋಡಿ ಬಂದು, ಅಲ್ಲಿಗೆ ತಲುಪುತ್ತಲೇ ನಿಧಾನಿಸಿ, ಎಂಟು ಹೆಜ್ಜೆ ನಡೆದು, "ಶುಭ ಸಂಜೆ, ಪ್ಲೂರ್ಡ್ ಮೇಡಮ್" ಎಂದು ಹೇಳಿ, ಮತ್ತೆ ಓಡುತ್ತಿದ್ದರು. ರಿಲೇ ಓಟದವರು ಕೈಯಲ್ಲಿದ್ದ ಕೋಲನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳುತ್ತಿದ್ದರು, ಕಾರಿಡಾರಿನಲ್ಲಿ ಕೋಲು ಹಿಡಿದು ತಿರುಗುವುದಕ್ಕೆ ಬೇರೆಯೇ ಚೀಟಿ ಇತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣ ಅದಕ್ಕಿಂತ ಗಟ್ಟಿ. ನಾಲ್ಕು ಗಂಟೆ ಬಸ್ಸಿನಲ್ಲಿ ಕುಲುಕಿಕೊಂಡು ದಕ್ಷಿಣದ ಕಾಲೇಜಿನ ದೊಡ್ಡ ಒಳಾಂಗಣಕ್ಕೆ ಹೋಗಿ, ಅಲ್ಲಿನ ಹೊಳೆಯುವ ಅಂಕಣದಲ್ಲಿ ಓಡುವಾಗಲೂ ನಮ್ಮ ಮಕ್ಕಳು ಎರಡನೇ ತಿರುವು ದಾಟಿದ ಕೂಡಲೇ ಎಂಟು ಹೆಜ್ಜೆ ನಡೆಯುತ್ತಿದ್ದರು. ಪ್ರತಿ ಸುತ್ತಿಗೂ. ಅಲ್ಲೇ ನಿಂತಿರುತ್ತಿದ್ದ ಬಿಳಿ ಟೋಪಿಯ ತೀರ್ಪುಗಾರನಿಗೆ ಶುಭ ಸಂಜೆ ಹೇಳುತ್ತಿದ್ದರು. ಆತ ಮೊದಲೆರಡು ವರ್ಷ ಗಾಬರಿಗೊಂಡ. ಆಮೇಲೆ ಅವನೂ ಟೋಪಿ ಎತ್ತಿ ಶುಭ ಸಂಜೆ ಹೇಳತೊಡಗಿದ. ಐವತ್ತೈದು ಮೀಟರಿನ ನೆಟ್ಟಗಿನ ಓಟ ಓಡುತ್ತಿದ್ದ ರೇಜಾನನ ಪಾಡು ಇನ್ನೂ ಚೆನ್ನ. ಅಭ್ಯಾಸದಲ್ಲಿ ಕಿಟಕಿ ನಡುಮಧ್ಯ ಬರುತ್ತಿತ್ತಾದ್ದರಿಂದ ಅವನು ಅರ್ಧ ದೂರ ಗುಂಡಿನ ಹಾಗೆ ಹೋಗಿ, ಶವಯಾತ್ರೆಗೆ ಬಂದವನಂತೆ ಎಂಟು ಹೆಜ್ಜೆ ಇಟ್ಟು, ಮತ್ತೆ ಗುಂಡಿನ ಹಾಗೆ ಹೋಗುತ್ತಿದ್ದ. ಅಷ್ಟರಲ್ಲಿ ಉಳಿದವರು ನೀರು ಕುಡಿಯುತ್ತಿರುತ್ತಿದ್ದರು.

ಕ್ಲೋಡೆಟ್ ಸೀರ್ ಓಡುತ್ತಿದ್ದದ್ದು ಒಂದು ಮೈಲಿ. ಎಂಟು ಸುತ್ತು, ಅಂದರೆ ಎಂಟು ಸಲ ನಡಿಗೆ. ಆಲೂಗಡ್ಡೆ ಬೆಳೆಯುವ ಮನೆಯ ಹುಡುಗಿ, ಗಟ್ಟಿ ಕಾಲು, ಹದಿನೇಳು ವರ್ಷ. ಅದು ಅವಳ ನಾಲ್ಕನೆಯ ಮತ್ತು ಕೊನೆಯ ವರ್ಷ. ನಾಲ್ಕೂ ವರ್ಷ ಅವಳು ಪ್ರತಿ ಕೂಟದಲ್ಲೂ ಕೊನೆಯವಳಾಗಿಯೇ ಬಂದಿದ್ದಳು. ಅದರಲ್ಲಿ ಅವಳಿಗೆ ಅಂಥ ಬೇಜಾರೂ ಇರಲಿಲ್ಲ. ಊರಿನ ಮಕ್ಕಳೆಲ್ಲ ಕೊನೆಯಲ್ಲೇ ಬರುತ್ತಿದ್ದರು, ಅದೊಂದು ಪದ್ಧತಿ.

ಬೇಜಾರು ಶುರುವಾದದ್ದು ಒನೆಸಿಮ್ ಗಾನ್ಯೋ ಕೈಗೆ ಸ್ಟಾಪ್‌ವಾಚ್ ಸಿಕ್ಕಿದ ಮೇಲೆ.

ಒನೆಸಿಮ್ ತಂಡದ ಬಸ್ಸು ಓಡಿಸುವವನು. ಅರವತ್ತೆರಡರ ಮುದುಕ, ಬಾಯಿ ಸುಮ್ಮನಿದ್ದರೆ ಕೈ ತುರಿಸುತ್ತದೆ, ಕೈ ಸುಮ್ಮನಿದ್ದರೆ ಬಾಯಿ ತುರಿಸುತ್ತದೆ. ಮಗಳು ಹುಟ್ಟುಹಬ್ಬಕ್ಕೆ ಸ್ಟಾಪ್‌ವಾಚ್ ಕೊಟ್ಟಿದ್ದಳು. ಡಿಸೆಂಬರಿನ ಮೊದಲ ಕೂಟದಲ್ಲಿ ಮೆಟ್ಟಿಲ ಮೇಲೆ ಕೂತು ಅವನು ಓಟವನ್ನು ಅಳೆಯಲಿಲ್ಲ, ನಡಿಗೆಯನ್ನು ಅಳೆದ. ವಾಪಸ್ಸು ಬರುವಾಗ ಬಸ್ಸಿನ ಕನ್ನಡಿಯಲ್ಲಿ ಕ್ಲೋಡೆಟ್‌ಳನ್ನು ನೋಡಿ ಹೇಳಿದ.

"ಒಂದ್ಸಲ ನಡೆಯೋದಕ್ಕೆ ನಾಲ್ಕು ಸೆಕೆಂಡು ಹಾಳು ಕಣೇ. ಎಂಟು ಸಲಕ್ಕೆ ಮೂವತ್ತೆರಡು. ಅದನ್ನ ಕಳೆದ್ರೆ ನೀನು ಇವತ್ತು ಆರನೆಯವಳು."

"ಕಳೆಯೋದು ಯಾಕೆ?" ಅಂದಳು ಕ್ಲೋಡೆಟ್.

"ಯಾಕೆ ಅಂದ್ರೆ? ಅದು ನಿನ್ನ ತಪ್ಪಾ? ಅದು ಬೆರ್ತಿಲ್ ತಪ್ಪು."

ಮುಂದಿನ ಭಾನುವಾರ ಚರ್ಚಿನಲ್ಲಿ ಹಂಚುವ ಹಾಳೆಯಲ್ಲಿ, ಸತ್ತವರ ಪೂಜೆಯ ಪಟ್ಟಿಗೂ ಬೀನ್ಸಿನ ಊಟದ ಪ್ರಕಟಣೆಗೂ ನಡುವೆ, ಒನೆಸಿಮ್ ಬರೆದುಕೊಟ್ಟ ಹೊಸದೊಂದು ಪಟ್ಟಿ ಬಂತು. ಶೀರ್ಷಿಕೆ: ನಡಿಗೆ ಕಳೆದ ಫಲಿತಾಂಶ. ಅದರ ಪ್ರಕಾರ ಸೇಂಟ್ ಕ್ಲೋವಿಸ್ ಹದಿಮೂರು ಶಾಲೆಗಳಲ್ಲಿ ಎರಡನೆಯದು. ಊರಿಗೆ ಊರೇ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡಿತು.

ಎರಡನೇ ಕೂಟದಲ್ಲಿ ಒನೆಸಿಮ್ ಇನ್ನಷ್ಟು ಯೋಚನೆ ಮಾಡಿದ. ನಡೆಯುವುದಕ್ಕೆ ಮುಂಚೆ ವೇಗ ತಗ್ಗಿಸಬೇಕಲ್ಲ, ಅದಕ್ಕೊಂದು ಸೆಕೆಂಡು. ನಡೆದ ಮೇಲೆ ಮತ್ತೆ ವೇಗ ಹಿಡಿಯಬೇಕಲ್ಲ, ಅದಕ್ಕೊಂದು. ಶುಭ ಸಂಜೆ ಹೇಳುವಾಗ ಉಸಿರು ಖರ್ಚಾಗುತ್ತದಲ್ಲ, ಅದಕ್ಕೊಂದು. ನಾಲ್ಕು ಇದ್ದದ್ದು ಏಳಾಯಿತು. ಏಳೆಂಟಲೆ ಐವತ್ತಾರು. ಕ್ಲೋಡೆಟ್ ನಿಜಕ್ಕೂ ಓಡಿದ್ದು ಆರು ನಿಮಿಷ ಮೂವತ್ತೊಂದು ಸೆಕೆಂಡು, ಅದು ಅವಳ ಜೀವಮಾನದ ಅತ್ಯುತ್ತಮ ಓಟ, ಹತ್ತು ಜನರಲ್ಲಿ ಹತ್ತನೆಯ ಜಾಗ. ಒನೆಸಿಮನ ಪಟ್ಟಿಯಲ್ಲಿ ಐದು ನಿಮಿಷ ಮೂವತ್ತೈದು. ಅವತ್ತು ನಿಜವಾಗಿ ಗೆದ್ದವಳ ಸಮಯ ಐದು ನಲವತ್ತು. ಅಲ್ಲಿಗೆ ಕ್ಲೋಡೆಟ್ ಜಿಲ್ಲೆಗೇ ಮೊದಲನೆಯವಳಾದಳು, ತಂಡವೂ ಮೊದಲನೆಯದಾಯಿತು.

ಆಮೇಲೆ ಕೇಳಬೇಕೇ. ಅಂಗಡಿಯಲ್ಲಿ ಮಾಂಸ ಕಡಿಯುವವನು ಅವಳಿಗೆ ದಾರಿ ಬಿಟ್ಟು ನಿಂತ. ಮೆಮೇರ್, ಅಂದರೆ ಅವಳ ಅಜ್ಜಿ, ಜಪಮಾಲೆಯ ಗುಂಪಿನಲ್ಲಿ ಎದ್ದುನಿಂತು ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. ಅಪ್ಪ ಮಾತಿನ ಮನುಷ್ಯನಲ್ಲ, ಆಲೂಗಡ್ಡೆಯ ಉಗ್ರಾಣದಿಂದ ಒಂದು ಹಲಗೆ ತಂದು, ಮನೆ ಮುಂದೆ ನೆಡುವುದಕ್ಕೆಂದು ಕೆಂಪು ಅಕ್ಷರದಲ್ಲಿ "ಮೈಲಿಯ ರಾಣಿ ಇಲ್ಲಿದ್ದಾಳೆ" ಎಂದು ಬರೆಯತೊಡಗಿದ. ಅಪ್ಪ ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ತಿದ್ದುವುದನ್ನು ಕ್ಲೋಡೆಟ್ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಅಳು ಬಂತು. ಸಂತೋಷದ ಅಳುವಲ್ಲ ಅದು, ಹೆದರಿಕೆಯದು.

ಹೆದರಿಕೆ ಇದು: ನಡಿಗೆ ತೆಗೆದುಬಿಟ್ಟರೆ ತಾನು ಯಾರು? ನಾಲ್ಕು ವರ್ಷ ಕೊನೆಗೆ ಬಂದದ್ದು ಆ ಎಂಟು ಹೆಜ್ಜೆಗಳಿಂದಲೋ, ಅಥವಾ ತನ್ನ ಕಾಲುಗಳೇ ಅಷ್ಟೋ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತನ್ನ ನೆಲ ನಿಜವಾಗಿಯೂ ಡೊಂಕು, ಅದನ್ನು ಎಲ್ಲರೂ ಒಪ್ಪುತ್ತಾರೆ, ಆದರೆ ಕುಣಿತ ಬರುತ್ತದೆಯೇ ಇಲ್ಲವೇ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಶಾಲೆ ಮುಗಿದ ಮೇಲೆ ಯಾರು ತನ್ನನ್ನು ಅಂಕಣದಲ್ಲಿ ಓಡಲು ಕರೆಯುತ್ತಾರೆ? ತಿಳಿಯುವುದಿದ್ದರೆ ಈ ಚಳಿಗಾಲದಲ್ಲೇ ತಿಳಿಯಬೇಕು. ಒಂದೇ ಒಂದು ಸಲ ಪೂರ್ತಿ ಮೈಲಿ ಓಡಬೇಕು ಎಂದು ಅವಳಿಗೆ ಹಟ ಹುಟ್ಟಿತು.

ಓಟದ ತರಬೇತಿ ಕೊಡುತ್ತಿದ್ದ ಮಿಶೋ ಮೇಷ್ಟ್ರು ಅಸಲಿಗೆ ಮಕ್ಕಳಿಗೆ ಕಾರು ಓಡಿಸುವುದನ್ನು ಕಲಿಸುವವರು. ನಿಯಮ ಅಂದರೆ ಅವರಿಗೆ ಜೀವ. ಕ್ಲೋಡೆಟ್ ಹೋಗಿ, "ಮೇಷ್ಟ್ರೇ, ನಡಿಗೆ ಬಿಡಿಸಿ" ಅಂದಾಗ ಅವರು ಬಹಳ ಹೊತ್ತು ಮೀಸೆ ಎಳೆದುಕೊಂಡರು.

"ಕೆಂಪು ದೀಪ ಕಂಡ್ರೆ ನಿಲ್ಲೋದನ್ನ ಕಲಿಸೋಕೇ ನನಗೆ ಮೂರು ತಿಂಗಳು ಬೇಕು. ನೀನು ನಿಲ್ಲೋದನ್ನ ಮರೆಸಿ ಅಂತೀಯ" ಅಂದರು. ಆದರೂ ಪ್ರಯತ್ನಿಸಿದರು ಪಾಪ. ಮೊದಲು ಕಾರಿಡಾರಿನಲ್ಲಿ ಉಲ್ಟಾ ದಿಕ್ಕಿಗೆ ಸುತ್ತಿಸಿದರು. ಪರಿಣಾಮವಾಗಿ ಮೂರನೇ ಕೂಟದಲ್ಲಿ ಮಕ್ಕಳು ಪ್ರತಿ ಸುತ್ತಿನಲ್ಲೂ ಎರಡು ಕಡೆ ನಡೆದರು, ಒನೆಸಿಮನ ಪಟ್ಟಿಯಲ್ಲಿ ಇನ್ನೂ ದೊಡ್ಡ ಅಂತರದಿಂದ ಗೆದ್ದರು. ಆಮೇಲೆ ಕಿಟಕಿಗೆ ಪರದೆ ಕಟ್ಟಿಸಿದರು. ಒಳಗೆ ಮೇಡಮ್ ಇದ್ದಾರೋ ಇಲ್ಲವೋ ಗೊತ್ತಾಗದೆ ಮಕ್ಕಳು ನಿಂತು ಬಾಗಿಲು ತಟ್ಟಿ ಕೇಳತೊಡಗಿದರು. ಪರದೆ ಬಿಚ್ಚಬೇಕಾಯಿತು.

ಕೊನೆಗೆ ಮೇಷ್ಟ್ರು ಶಾಲಾ ಮಂಡಳಿಗೆ ಅರ್ಜಿ ಬರೆದರು: ಸಂಜೆ ಮೂರರಿಂದ ನಾಲ್ಕರವರೆಗೆ ಓಟದ ತಂಡಕ್ಕೆ ಆಫೀಸಿನ ಮುಂದೆ ಓಡಲು ಅನುಮತಿ ಕೊಡಬೇಕು. ಮಂಡಳಿಯ ಐವರು ಸದಸ್ಯರು ಕೋಳಿ ಸಾರಿನಲ್ಲಿ ಪ್ಲೋಯ್ ರೊಟ್ಟಿ ಅದ್ದಿ ತಿನ್ನುತ್ತ ಎರಡು ಗಂಟೆ ಚರ್ಚಿಸಿದರು.

"ಇವತ್ತು ಆಫೀಸಿನ ಮುಂದೆ ಓಡಿದೋರು ನಾಳೆ ಚರ್ಚಿನ ಮುಂದೆ ಓಡ್ತಾರೆ" ಅಂದ ಅಧ್ಯಕ್ಷ.

"ಓಡಿದ್ರೆ ಏನಾಗುತ್ತೆ?" ಅಂದರು ಮೇಷ್ಟ್ರು.

"ಏನೂ ಆಗಲ್ಲ. ಆದ್ರೆ ಗೆಲ್ತಾ ಇರೋ ತಂಡದ ಪದ್ಧತಿ ಯಾಕ್ರೀ ಬದಲಾಯಿಸೋದು? ಪಟ್ಟಿ ನೋಡಿಲ್ವಾ ನೀವು?"

ಅರ್ಜಿ ಬಿದ್ದುಹೋಯಿತು. ಅದರ ಜೊತೆಗೆ, ಮಕ್ಕಳು ಶುಭ ಸಂಜೆಯನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕು ಎಂಬ ನಿರ್ಣಯವೂ ಆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ನಮ್ಮ ಮಂಡಳಿಯಲ್ಲಿ ಐದೂ ಕೋಣಗಳೇ. ಅಗ್ನಿಶಾಮಕದವರು ಇನ್ನೂ ಮುಂದೆ ಹೋದರು. ಫೆಬ್ರುವರಿಯ ಕೊನೆಯ ಕೂಟ ಮುಗಿದ ಸಂಜೆ ತಂಡವನ್ನು ಕೆಂಪು ವಾಹನದ ಮೇಲೆ ಕೂರಿಸಿ ಮೆರವಣಿಗೆ ಮಾಡುವುದೆಂದು ತೀರ್ಮಾನಿಸಿ, ವಾಹನ ತೊಳೆದು, ಕ್ಲೋಡೆಟ್‌ಗೆ ಏಣಿಯ ತುದಿಯ ಜಾಗ ಎಂದು ಗೊತ್ತು ಮಾಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಕ್ಲೋಡೆಟ್ ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೆಯ ದಿನ ಅಭ್ಯಾಸದಲ್ಲಿ ಕಿಟಕಿಯ ಮುಂದೆ ನಡೆಯುವಾಗ ಒಳಗೆ ಕುರ್ಚಿ ಖಾಲಿ ಇತ್ತು. ಪ್ಲೂರ್ಡ್ ಮೇಡಮ್ ಕೋಣೆಯ ಹಿಂದಿನ ಕಪಾಟಿನ ಹತ್ತಿರ ಬೆನ್ನು ಹಾಕಿ ನಿಂತಿದ್ದರು. ಕ್ಲೋಡೆಟ್‌ಳ ಕಾಲು ನಡೆಯುತ್ತಲೇ ಇತ್ತು, ಕಣ್ಣು ಅವರನ್ನು ಹುಡುಕುತ್ತಲೇ ಇತ್ತು, ಸಿಕ್ಕ ಕೂಡಲೇ ಕಾಲು ತಾನಾಗಿ ಓಡತೊಡಗಿತು. ಅವಳು ಗಕ್ಕನೆ ನಿಂತಳು. ಕಾಲುಗಳಿಗೆ ಬೇಕಾದದ್ದು ಕಿಟಕಿಯಲ್ಲ, ಮೇಡಮ್ ಎಲ್ಲಿದ್ದಾರೆ ಎಂಬ ಸುದ್ದಿ. ಕಾಲೇಜಿನ ಅಂಕಣದಲ್ಲಿ ಅದು ಗೊತ್ತಾಗದೆ ಅವು ಪ್ರತಿ ಸುತ್ತೂ ಹುಡುಕುತ್ತವೆ. ಮೇಡಮ್ ಎಲ್ಲಿದ್ದಾರೆಂದು ಖಚಿತವಾಗಿ ಗೊತ್ತಿದ್ದರೆ?

ಅಭ್ಯಾಸ ಮುಗಿದ ಮೇಲೆ ಅವಳು ಕಿಟಕಿಯ ಮುಂದೆ ಹೋಗಿ ನಿಂತಳು.

"ಮೇಡಮ್, ಕೊನೇ ಕೂಟಕ್ಕೆ ನೀವೂ ಬರ್ಬೇಕು."

ಪ್ಲೂರ್ಡ್ ಮೇಡಮ್ ಕನ್ನಡಕದ ಮೇಲಿಂದ ನೋಡಿದರು. ತೆಳ್ಳಗಿನ, ನೆಟ್ಟಗಿನ ಹೆಂಗಸು, ಇಸ್ತ್ರಿ ಮಾಡಿದ ಕಾಲರು. "ಮೂವತ್ತೊಂದು ವರ್ಷದಲ್ಲಿ ನನ್ನನ್ನ ಯಾರೂ ಎಲ್ಲಿಗೂ ಕರೆದಿಲ್ಲ. ಬಂದು ಏನು ನೋಡ್ಲಿ?"

"ನೋಡೋದು ಏನೂ ಬೇಡ. ಬಸ್ಸಲ್ಲೇ ಕೂತಿರ್ಬೇಕು."

"ಏನಂದೆ?"

"ಹೊರಗಡೆ, ಬಸ್ಸಲ್ಲಿ. ಕೂಟ ಮುಗಿಯೋತನಕ. ನೀವು ಬಸ್ಸಲ್ಲಿದ್ದೀರಿ ಅಂತ ನಮ್ಮ ಕಾಲಿಗೆ ಗೊತ್ತಾದ್ರೆ ಒಳಗೆ ಹುಡುಕಲ್ಲ. ಒಂದ್ಸಲ, ಒಂದೇ ಒಂದ್ಸಲ, ನಿಲ್ಲದೆ ಓಡಿ ನೋಡ್ಬೇಕು ನಾನು."

ಮೇಡಮ್ ಪೆನ್ನಿನ ಮುಚ್ಚಳ ಹಾಕಿದರು. ಇದನ್ನು ಕೇಳಿ ನಗದೆ ಇದ್ದವರು ಊರಿನಲ್ಲಿ ಅವರೊಬ್ಬರೇ ಇರಬೇಕು. "ಓಡಿ ನೋಡಿ ಏನು ಮಾಡ್ತೀಯ? ನಿನಗೆ ಈಗಾಗಲೇ ಏಣಿ ತುದಿ ಕೊಟ್ಟಿದ್ದಾರಂತಲ್ಲ."

"ಅದಕ್ಕೇ ಮೇಡಮ್. ಅಲ್ಲಿ ಕೂತ್ಕೊಳ್ಳೋಕೆ ನಂಗೆ ಹೆದ್ರಿಕೆ."

"ಹೀಟರು ಪೂರ್ತಿ ಉರೀತಿರ್ಬೇಕು" ಅಂದರು ಮೇಡಮ್. "ಒಬ್ಬಳೇ ಕೂರಲ್ಲ, ಆ ಒನೆಸಿಮನೂ ಬಸ್ಸಲ್ಲೇ ಇರ್ಬೇಕು. ಬಸ್ಸೊಳಗೆ ಯಾರೂ ಓಡಾಡ್ಬಾರದು."

ಒನೆಸಿಮನಿಗೆ ಇದು ನುಂಗಲಾರದ ತುತ್ತಾಯಿತು. "ನಾನು ಒಳಗಿಲ್ದಿದ್ರೆ ನಡಿಗೆ ಎಣಿಸೋರು ಯಾರು?" ಎಂದು ಎಗರಾಡಿದ. ಮಿಶೋ ಮೇಷ್ಟ್ರು, ಎಂಜಿನ್ ಚಾಲೂ ಇರುವ ವಾಹನವನ್ನು ಚಾಲಕ ಬಿಟ್ಟು ಹೋಗುವಂತಿಲ್ಲ ಎಂಬ ನಿಯಮವನ್ನು ಪುಸ್ತಕ ತೆಗೆದು ತೋರಿಸಿದರು. ಅವನು ಬಾಯಿ ಮುಚ್ಚಿಕೊಂಡ. ಮಕ್ಕಳು ಬಂದು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ ಎಂದು ಒಪ್ಪಿಕೊಂಡ.

ಕೊನೆಯ ಕೂಟದ ಬೆಳಿಗ್ಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿತ್ತು. ಪ್ಲೂರ್ಡ್ ಮೇಡಮ್ ಹೆಣೆಯುವ ಉಣ್ಣೆಯ ಚೀಲ, ಫ್ಲಾಸ್ಕು, ಹಂದಿಮಾಂಸದ ಸ್ಯಾಂಡ್‌ವಿಚ್ಚು ಹಿಡಿದು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರು. ದಾರಿಯಲ್ಲಿ ಒಂದು ಪಿಳ್ಳೆಯೂ ಕಿಸಕ್ಕೆನ್ನಲಿಲ್ಲ. ಕಾಲೇಜು ತಲುಪಿದ ಮೇಲೆ ತಂಡದ ಏಳೂ ಮಕ್ಕಳು ಇಳಿಯುವ ಮುಂಚೆ ಸಾಲಾಗಿ ಅವರ ಮುಂದೆ ನಿಂತು, ಸರಿಯಾಗಿ ನೋಡಿಕೊಂಡು, ಶುಭ ಸಂಜೆ ಎಂದು ಹೇಳಿ ಇಳಿದರು. ಆಗ ಬೆಳಿಗ್ಗೆ ಹತ್ತೂವರೆ.

ನಂಬಿದರೆ ನಂಬಿ, ಉಪಾಯ ಫಲಿಸಿತು. ಮೊದಲು ಓಡಿದ್ದು ರೇಜಾನ್. ನಡುಮಧ್ಯಕ್ಕೆ ಬಂದ, ಎಡಗಡೆ ಕತ್ತು ತಿರುಗಿತು, ಮೇಡಮ್ ಬಸ್ಸಿನಲ್ಲಿದ್ದಾರೆ ಎಂದು ಕಾಲಿಗೆ ನೆನಪಾಯಿತು, ನಿಲ್ಲದೆ ಹೋದ. ಜನ್ಮದಲ್ಲಿ ಅಷ್ಟು ವೇಗ ಕಂಡವನಲ್ಲ, ಗೆರೆಯ ಆಚೆ ನಿಲ್ಲಿಸಲು ಗೊತ್ತಾಗದೆ ಗೋಡೆಗೆ ಒರಗಿಸಿದ್ದ ಮೆತ್ತೆಯೊಳಗೆ ಮುಖ ಹೂತುಬಿಟ್ಟ. ಎಂಟು ಜನರಲ್ಲಿ ಏಳನೆಯವನು. ರಿಲೇಯವರು ಕೋಲನ್ನು ಮುಚ್ಚಿಡದೆ ಎಲ್ಲರಿಗೂ ಕಾಣುವಂತೆ ಹಿಡಿದು ಓಡಿದರು. ಕೊನೆಯ ಜಾಗ. ಮಿಶೋ ಮೇಷ್ಟ್ರು ಫಲಿತಾಂಶದ ಹಾಳೆಯನ್ನು ನೋಡಿ, ತಲೆಕೆಳಗು ಮಾಡಿ ನೋಡಿ, ಮಡಚಿಟ್ಟರು. ಬಿಳಿ ಟೋಪಿಯ ತೀರ್ಪುಗಾರ ಪ್ರತಿ ಸುತ್ತೂ ಟೋಪಿಗೆ ಕೈ ಹಾಕಿ, ಯಾರೂ ನಿಲ್ಲದ್ದನ್ನು ಕಂಡು, ಕೈ ಇಳಿಸುತ್ತಿದ್ದ. ಅವನ ಮುಖ ಸಣ್ಣದಾಗಿತ್ತು.

ಮಧ್ಯಾಹ್ನ ಒಂದೂವರೆಗೆ ಹೆಣ್ಣುಮಕ್ಕಳ ಮೈಲಿ. ಹತ್ತು ಜನ.

ಮೊದಲ ಸುತ್ತಿನಲ್ಲಿ ಎರಡನೇ ತಿರುವು ದಾಟಿದಾಗ ಕ್ಲೋಡೆಟ್ ನೆನಪು ಮಾಡಿಕೊಂಡಳು. ಬಸ್ಸು, ಮುಂದಿನ ಸೀಟು, ಉಣ್ಣೆಯ ಚೀಲ. ಕಾಲು ನಿಲ್ಲಲಿಲ್ಲ. ಅವಳಿಗೆ ಹಾರಿದಷ್ಟು ಖುಷಿಯಾಯಿತು. ಎರಡನೇ ಸುತ್ತಿನಲ್ಲಿ ಅವಳು ಏಳನೆಯವಳಾಗಿದ್ದಳು, ನಾಲ್ಕು ವರ್ಷದಲ್ಲಿ ಮೊದಲ ಸಲ ತನ್ನ ಹಿಂದೆ ಉಸಿರಾಡುವವರ ಸದ್ದು ಕೇಳಿದಳು. ನಾಳೆಯಿಂದ ಹಲಗೆಯನ್ನು ತಲೆ ಎತ್ತಿ ನೋಡಬಹುದು ಅಂದುಕೊಂಡಳು.

ಮೂರನೇ ಸುತ್ತಿನಲ್ಲಿ ಪಕ್ಕೆ ಹಿಡಿಯಿತು. ನಾಲ್ಕನೆಯದರಲ್ಲಿ ಗಂಟಲು ಉರಿಯಿತು. ಐದನೆಯದರಲ್ಲಿ ಎರಡನೇ ತಿರುವು ಬಂದಾಗ ಅವಳ ಇಡೀ ಮೈ ಆ ಎಂಟು ಹೆಜ್ಜೆಗಾಗಿ ಅಂಗಲಾಚಿತು. ಆಗ ಅವಳಿಗೆ ಅರ್ಥವಾಯಿತು. ಆ ನಡಿಗೆ ಅವಳಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಪ್ರತಿ ಸುತ್ತೂ ಉಸಿರು ಕೊಡುತ್ತಿತ್ತು. ಅದಿಲ್ಲದೆ ತಾನು ಇಷ್ಟೇ. ಒಬ್ಬರಾದ ಮೇಲೆ ಒಬ್ಬರು ಅವಳನ್ನು ದಾಟಿ ಹೋದರು. ಏಳನೆಯವಳು ಎಂಟನೆಯವಳಾದಳು, ಒಂಬತ್ತನೆಯವಳಾದಳು, ಏಳನೇ ಸುತ್ತಿನಲ್ಲಿ ಹಸಿರು ಅಂಗಿಯ ಎತ್ತರದ ಹುಡುಗಿಯೊಬ್ಬಳು ದಾಟಿದ ಮೇಲೆ ಹತ್ತನೆಯವಳಾದಳು. ಅವಳಿಗೆ ಓಡುತ್ತಲೇ ಅಳು ಬಂತು. ನಾಚಿಕೆಯಾಯಿತು. ಅಪ್ಪನ ಮೇಲೆ, ಒನೆಸಿಮನ ಮೇಲೆ, ಎಲ್ಲರ ಮೇಲೆ ಕೋಪ ಬಂತು. ಏಳೆಂಟಲೆ ಐವತ್ತಾರಂತೆ. ಯಾರಪ್ಪನ ಮನೆ ಐವತ್ತಾರು?

ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಎರಡನೇ ತಿರುವಿನಲ್ಲಿ ಹಸಿರು ಅಂಗಿ ಐದು ಗಜ ಮುಂದಿತ್ತು. ಆ ಹುಡುಗಿಯ ತಲೆಯೂ ಅತ್ತಿತ್ತ ಜೋಲುತ್ತಿತ್ತು, ಅವಳೂ ಸಾಯುತ್ತಿದ್ದಳು. ಕ್ಲೋಡೆಟ್ ಆ ಬೆನ್ನನ್ನಷ್ಟೇ ನೋಡಿದಳು. ಇವಳೊಬ್ಬಳು, ಇವಳೊಬ್ಬಳನ್ನು ಮಾತ್ರ. ಕೊನೆಯ ತಿರುವಿನಲ್ಲಿ ಮೊಣಕೈಗೆ ಮೊಣಕೈ ತಾಗಿತು. ಗೆರೆ ದಾಟಿದಾಗ ಹಸಿರು ಅಂಗಿ ಪಕ್ಕದಲ್ಲಿರಲಿಲ್ಲ, ಒಂದು ಹೆಜ್ಜೆ ಹಿಂದಿತ್ತು.

ಹತ್ತು ಜನರಲ್ಲಿ ಒಂಬತ್ತನೆಯವಳು. ಆರು ನಿಮಿಷ ಮೂವತ್ತೆಂಟು. ನಡೆದುಕೊಂಡು ಓಡಿದ್ದಕ್ಕಿಂತ ಏಳು ಸೆಕೆಂಡು ತಡ.

ಎರಡು ಗಂಟೆಗೆಲ್ಲ ಮಕ್ಕಳು ಬಸ್ಸಿನ ಬಾಗಿಲಲ್ಲಿ ಸಾಲು ನಿಂತರು. ಹೀಟರು ಬುಸುಗುಡುತ್ತಿತ್ತು. ಒನೆಸಿಮ್ ಸ್ಟೀರಿಂಗಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಪೆನ್ಸಿಲ್ ಚೂಪು ಮಾಡಿಕೊಂಡು ಕಾಯುತ್ತಿದ್ದ. ಅವನ ಹಿಂದಿನ ಸೀಟಿನಲ್ಲಿ ಪ್ಲೂರ್ಡ್ ಮೇಡಮ್ ಹೆಣೆಯುತ್ತಿದ್ದರು.

"ಒಬ್ಬೊಬ್ರಾಗಿ ಹತ್ತಿ. ಎಷ್ಟು ಸಲ ನಡೆದ್ರಿ ಹೇಳ್ತಾ ಹೋಗಿ. ರೇಜಾನ್?"

ರೇಜಾನ್ ಕೆಂಪಾದ ಮೂಗನ್ನು ಒರೆಸಿಕೊಂಡ. ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ತಮ್ಮ ಕೈಗವಸು ನೋಡುತ್ತಿದ್ದರು. "ಯಾವತ್ತಿನ ಹಾಗೆ, ಒಂದ್ಸಲ" ಅಂದು ಹಿಂದಕ್ಕೆ ಹೋಗಿ ಕೂತ.

"ರಿಲೇ?"

"ತಲಾ ಎರಡು."

"ಭೇಷ್. ಕ್ಲೋಡೆಟ್, ಮೈಲಿ?" ಅವನು ಕೇಳುವ ಮೊದಲೇ ಎಂಟು ಎಂದು ಬರೆದಾಗಿತ್ತು. ಸೊನ್ನೆಗೆ ಸೊನ್ನೆ ಕೂಡಿಸಿದ ಹಾಗಿನ ಆ ಎಂಟು ಅವಳಿಗೆ ಕಂಬಿ ಹಿಡಿದು ನಿಂತಲ್ಲಿಂದಲೇ ಕಾಣಿಸಿತು. ಎಂಟು ಅಂದುಬಿಟ್ಟರೆ ಆಯಿತು. ಏಣಿಯ ತುದಿ, ಮೆಮೇರ್, ಮನೆ ಮುಂದೆ ಹಲಗೆ ನೆಡಲು ಸುತ್ತಿಗೆ ಹಿಡಿದು ಕಾಯುತ್ತಿರುವ ಅಪ್ಪ, ಯಾರಿಗೂ ಏನೂ ಆಗುವುದಿಲ್ಲ.

"ಒಂದ್ಸಲಾನೂ ಇಲ್ಲ" ಅಂದಳು.

ಪೆನ್ಸಿಲ್ ನಿಂತಿತು. "ಇಲ್ಲ ಅಂದ್ರೆ?"

"ನಡೀಲೇ ಇಲ್ಲ. ಪೂರ್ತಿ ಓಡ್ದೆ. ಆರು ಮೂವತ್ತೆಂಟು."

"ಅವಳಿಗೆ ಲೆಕ್ಕ ತಪ್ಪಿದೆ, ಎಂಟು ಅಂತ ಹಾಕ್ಕೊಳ್ಳಿ" ಎಂದ ರೇಜಾನ್ ಹಿಂದಿನಿಂದ.

"ಲೆಕ್ಕ ತಪ್ಪಿಲ್ಲ. ನೀನೂ ನಡೀಲಿಲ್ಲ, ಯಾರೂ ನಡೀಲಿಲ್ಲ. ನಾವು ಇಷ್ಟೇ."

ಒನೆಸಿಮ್ ಟೋಪಿ ತೆಗೆದು ಬೋಳು ತಲೆ ಸವರಿಕೊಂಡ. ಅವನು ಕೆಟ್ಟವನಲ್ಲ, ಅವಳನ್ನು ಕಂಡರೆ ಅವನಿಗೆ ಪ್ರೀತಿಯೇ. "ನೋಡು ಮಗಾ" ಎಂದ ಮೆತ್ತಗೆ. "ಅಲ್ಲಿ ಊರೋರು ಕಾಯ್ತಿದ್ದಾರೆ. ನಿಮ್ಮಪ್ಪ ಕಾಯ್ತಿದ್ದಾನೆ. ನಾನಂತೂ ಒಳಗೆ ಬಂದು ನೋಡಿಲ್ಲ. ನೀನು ಎಂಟು ಅಂದ್ರೆ ಎಂಟು."

ಕ್ಲೋಡೆಟ್ ಕಂಬಿ ಬಿಡಲಿಲ್ಲ. "ಒಂಬತ್ತನೆಯವಳು ಅಂತ ಬರ್ಕೊಳ್ಳಿ" ಅಂದಳು.

ಪ್ಲೂರ್ಡ್ ಮೇಡಮ್ ಹೆಣಿಗೆಯ ಕಡ್ಡಿಗಳನ್ನು ಮಡಿಲಿಗೆ ಇಳಿಸಿದರು. "ಎಷ್ಟು ಜನ ಓಡಿದ್ರಿ?"

"ಹತ್ತು ಜನ, ಮೇಡಮ್."

"ಹಾಗಾದ್ರೆ ನಿನ್ನ ಹಿಂದೆ ಒಬ್ಳಿದ್ಲು."

"ಇದ್ಲು. ಹಸಿರು ಅಂಗಿ. ಎತ್ತರದ ಹುಡುಗಿ."

"ಅವಳಿಗೇನಾಯ್ತು, ಬಿದ್ಲಾ?"

"ಬೀಳಲಿಲ್ಲ. ಕೊನೇ ಸುತ್ತಲ್ಲಿ ನಾನು ದಾಟ್ದೆ."

"ಎಲ್ಲಿ?"

"ಎರಡನೇ ತಿರುವು ಆದ್ಮೇಲೆ ಹಿಡಿಯೋಕೆ ಶುರು ಮಾಡ್ದೆ, ಮೇಡಮ್. ನಿಮ್ಮ ಕಿಟಕಿ ಇರೋ ಕಡೆ."

ಮೇಡಮ್ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಓಡ್ಕೊಂಡು?"

"ಓಡ್ಕೊಂಡು."

ಅವರು ಪಕ್ಕದ ಸೀಟಿನ ಮೇಲಿದ್ದ ಉಣ್ಣೆಯ ಚೀಲವನ್ನು ಎತ್ತಿ ಕಾಲ ಬಳಿ ಇಟ್ಟರು. "ಬಂದು ಕೂತ್ಕೊ. ಒನೆಸಿಮ್, ಅದನ್ನ ಬರ್ಕೊ. ಬೇರೇನೂ ಬೇಡ, ಅದೊಂದನ್ನ ಬರ್ಕೊ."

ಒನೆಸಿಮ್ ರಬ್ಬರಿನಿಂದ ಎಂಟನ್ನು ಅಳಿಸಿದ. ಆ ಹುಡುಗಿಯ ಹೆಸರೇನು ಎಂದು ಕೇಳಿದ. ಕ್ಲೋಡೆಟ್‌ಗೆ ಗೊತ್ತಿರಲಿಲ್ಲ. ಅವನು ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಹಸಿರು ಅಂಗಿಯವಳನ್ನು ಸೋಲಿಸಿದಳು ಎಂದು ಬರೆದು, ಬಸ್ಸಿನ ಬಾಗಿಲು ಹಾಕಿದ.